ಕುಸುರೆಳ್ಳಿನ ಕಿರೀಟ

ಸುಗ್ರಾ ಹಿತ್ತಾಳೆಯ ಪರಾತವನ್ನು ಸೆರಗಿನಿಂದ ಹಿಡಿದು ಕೆಳಗಿಳಿಸಿ, ಶೆಗಡಿಯ ಕೆಂಡಕ್ಕೆ ನೀರು ಚಿಮುಕಿಸಿದಳು. ಪರಾತದಲ್ಲಿದ್ದ ಎಳ್ಳಿಗೆ ಸಕ್ಕರೆ ಪಾಕ ಹಿಡಿದು ಕುಸುರೆಳ್ಳಿನ ಮುಳ್ಳು ಆಗಷ್ಟೇ ಮೂಡತೊಡಗಿತ್ತು. ಅದನ್ನು ಬೆರಳಿಂದ ಆಡಿಸುತ್ತಿದ್ದ ಶೇವಂತೆವ್ವ ಕೂತಲ್ಲೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಹಾಲು ಕೊಡಲು ಪಕ್ಕದ ಮನೆಯಿಂದ ಬಂದ ಸುಗ್ರಾ, ತೂಕಡಿಸುತ್ತಿದ್ದಾಳೆಂದು ಎರಡು ಸಲ ಕರೆದಿದ್ದಳು. ಮುಟ್ಟಿದಾಗ ಗೊತ್ತಾಯಿತು. ಶೆಗಡಿಯ ಕಡೆಗಿದ್ದ ಕೈ ಇನ್ನೂ ಬೆಚ್ಚಗಿತ್ತು, ಇನ್ನೊಂದು ತಣ್ಣಗಾಗಿತ್ತು.

ಅಂದು ಸಂಕ್ರಾಂತಿ. ಇಂಡಿ ಊರಿನ ಆ ಮನೆಯಲ್ಲಿ ಏಳು ತಿಂಗಳ ಕೂಸಿಗೆ ಮೊದಲ ಹಬ್ಬ. ಕೂಸಿಗೆ ಕುಸುರೆಳ್ಳಿನ ಸರ, ಬಾಜುಬಂದ, ನಡುಪಟ್ಟಿ ತೊಡಿಸಿ, ತಲೆಯ ಮೇಲೆ ಬಾರಿಹಣ್ಣು ಸುರಿದು ಆರತಿ ಮಾಡುವುದೆಂದು ಓಣಿಯ ಮುತ್ತೈದೆಯರನ್ನೆಲ್ಲ ಸಂಜೆಗೆ ಕರೆದಿದ್ದರು. ಸುತ್ತಲಿನ ತಾಂಬಾ, ಸಿಂದಗಿ ಊರಿನವರಿಗೂ ಇಂಥ ಒಡವೆ ಮಾಡಿಕೊಟ್ಟ ಶೇವಂತೆವ್ವ, ತನ್ನ ಮನೆಯ ಈ ಕೂಸಿಗೆಂದು ತಿಂಗಳಿಡೀ ಕಾಳು ಕಾಳು ಆಯ್ದು ದಾರಕ್ಕೆ ಕಟ್ಟಿದ್ದಳು. ಆರತಿಯ ಹೊತ್ತಿಗೆ ಆಕೆ ಹಿತ್ತಲಲ್ಲಿರಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಲವತ್ತೆಂಟು ವರ್ಷ ವಿಧವೆಯಾಗಿದ್ದವಳಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶೇವಂತೆವ್ವನ ಮೈತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡಿಸಿದರು. ಬಂದ ಹೆಂಗಸರು ಹಬ್ಬ ಕೆಟ್ಟಿತೆಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಹೊಸ ಸೊಸೆಯಂದಿರಿದ್ದ ಮನೆಗಳವರು ಬರಲೇ ಇಲ್ಲ.

*

ಶೇವಂತೆವ್ವನಿಗೆ ಹನ್ನೆರಡಕ್ಕೆ ಮದುವೆ. ಮೊದಲ ಸಂಕ್ರಾಂತಿಗೆ ಎರಡು ತಿಂಗಳಿರುವಾಗ ಗಂಡ ಪ್ಲೇಗಿನಲ್ಲಿ ಹೋದ. ಅತ್ತೆ ಬಾಳಮ್ಮ ಅವಳನ್ನು ಶೆಗಡಿಯ ಮುಂದೆ ಕೂಡಿಸಿ ಕುಸುರೆಳ್ಳು ಮಾಡುವುದನ್ನು ಕಲಿಸಿದಳು. ಸುಟ್ಟು ಸುಟ್ಟು ಬೆರಳ ತುದಿಯ ಗೆರೆಗಳೇ ಅಳಿಸಿಹೋದವು.

ಆ ಮನೆಯಲ್ಲೊಂದು ಹಳೆಯ ಕಿರೀಟವಿತ್ತು. ಬಾಳಮ್ಮನ ಅತ್ತೆ ಕುಸುರೆಳ್ಳಿನಲ್ಲೇ ಮಾಡಿದ್ದು. ಇರುವೆ ಹತ್ತದಂತೆ ಲವಂಗ ಹಾಕಿ ತಗಡಿನ ಡಬ್ಬಿಯಲ್ಲಿಟ್ಟಿದ್ದರು. ವರ್ಷ ಕಳೆದಂತೆ ಅದರ ಬಿಳಿ ಬಣ್ಣ ದಂತದ ಬಣ್ಣಕ್ಕೆ ತಿರುಗಿತ್ತು. ಮನೆಯ ಮಕ್ಕಳು, ಹೊಸ ಸೊಸೆಯಂದಿರೆಲ್ಲ ಮೊದಲ ಸಂಕ್ರಾಂತಿಗೆ ಅದನ್ನೇ ತೊಟ್ಟವರು.

ಸುಗ್ರಾ ಪಕ್ಕದ ಪಿಂಜಾರರ ಮನೆಗೆ ಸೊಸೆಯಾಗಿ ಬಂದ ವರ್ಷ. ಬಾಳಮ್ಮ ತಾಂಬಾಕ್ಕೆ ಹೋಗಿದ್ದಳು. ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ ಸುಗ್ರಾಳ ಮುಂದೆ ಶೇವಂತೆವ್ವ ಆ ಡಬ್ಬಿ ತೆರೆದಳು. ಆಗ ಆಕೆಗೆ ಮೂವತ್ತು ದಾಟಿತ್ತು.

"ಆ ವರ್ಷ ನನಗಿದನ್ನ ಹಾಕಬೇಕಂತ ಮಾಡಿದ್ರಂತ ಸುಗ್ರಾ. ಬಂಗಾರದ್ದಲ್ಲ, ಸಕ್ಕರೀದು. ಒಮ್ಮೆ ತಲಿಮ್ಯಾಲಿಟ್ಟು ಹೆಂಗ ಕಾಣ್ತೇನಿ ಹೇಳು."

ಸುಗ್ರಾ ಇಟ್ಟಳು. ಕನ್ನಡಿ ಇರಲಿಲ್ಲ. ಶೇವಂತೆವ್ವ ಬೆಳಗಿದ ಪರಾತವನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿರುವಾಗಲೇ ಬಾಳಮ್ಮ ಬಾಗಿಲಲ್ಲಿ ನಿಂತಿದ್ದಳು. ಆಕೆ ಬೈಯಲಿಲ್ಲ, ಹೊಡೆಯಲಿಲ್ಲ. ಸೊಸೆಯ ತಲೆಯಿಂದ ಕಿರೀಟ ತೆಗೆದು ಡಬ್ಬಿಗೆ ಹಾಕಿ, ಇನ್ನು ಇದು ಯಾವ ಕೂಸಿಗೂ ಬರುವುದಿಲ್ಲ ಎಂದಷ್ಟೇ ಹೇಳಿದಳು.

ಅಂದಿನಿಂದ ಯಾವ ಮಗುವಿಗೂ ಅದನ್ನು ತೊಡಿಸಲಿಲ್ಲ. ಶೇವಂತೆವ್ವ ಮಾತ್ರ ಪ್ರತಿ ಚಳಿಗಾಲ ಅದನ್ನು ಬಿಸಿಲಿಗಿಟ್ಟು, ಉದುರಿದ ಕಾಳಿದ್ದಲ್ಲಿ ಹೊಸದನ್ನು ಹೊಲಿಯುತ್ತಿದ್ದಳು.

*

ಹೆಣ ಎತ್ತುವ ಮುಂಚೆ ಸುಗ್ರಾ ಡಬ್ಬಿ ಹಿಡಿದು ಮನೆಯ ಯಜಮಾನ ಶ್ರೀಶೈಲಪ್ಪನ ಹತ್ತಿರ ಹೋದಳು. ಆತ ಶೇವಂತೆವ್ವನ ಮೈದುನ. ತಾಯಿ ಬಾಳಮ್ಮ ತೀರಿದ ಮೇಲೂ, ವೈನಿ ಎಂದು ಕರೆಯುತ್ತಿದ್ದ ಈ ಅತ್ತಿಗೆಯ ಕೈಯಡುಗೆ ಉಂಡೇ ಮುದುಕನಾದವನು.

"ಅಣ್ಣಾರ, ಇದನ್ನ ಅಕ್ಕನ ತಲಿಗೆ ಇಡ್ರಿ. ಹೆಂಗೂ ಇದನ್ನ ಯಾರೂ ಹಾಕ್ಕೊಳ್ಳೂದಿಲ್ಲ."

ಆತ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರತ್ತ, ಅಯ್ಯನವರತ್ತ ಕಣ್ಣು ಹಾಯಿಸಿದ.

"ಮಂದಿ ಕುಂತಾರ ಸುಗ್ರಾ. ಸತ್ತ ಮ್ಯಾಲಾದ್ರೂ ವೈನೀನ ನಾಕ ಮಂದಿ ಬಾಯಿಗೆ ಹಾಕೂದು ಬ್ಯಾಡ."

"ಹಂಗಾರ ಕುಣಿಯಾಗರ ಇಡ್ರಿ. ಮಣ್ಣಾಗ ಯಾರು ನೋಡ್ತಾರ?"

ಶ್ರೀಶೈಲಪ್ಪ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು ಎದ್ದ.

ಸುಗ್ರಾ ಹೆಣದ ಹಿಂದೆ ಹೊಲದ ಬದುವಿನವರೆಗೆ ನಡೆದಳು. ಜಾಲಿಯ ಕೆಳಗೆ ನಿಂತು ನೋಡಿದಳು. ಶೇವಂತೆವ್ವನನ್ನು ಕುಣಿಯಲ್ಲಿ ಕೂಡಿಸಿದರು. ಪತ್ರಿ ಹಾಕಿದರು, ಉಪ್ಪು ಸುರಿದರು. ಕೊನೆಯ ಗಳಿಗೆಯಲ್ಲಾದರೂ ಶ್ರೀಶೈಲಪ್ಪ ಶಲ್ಯದೊಳಗಿಂದ ಏನನ್ನಾದರೂ ತೆಗೆದಾನೆಂದು ಅವಳು ಕಣ್ಣು ಮಿಟುಕಿಸದೆ ಕಾದಳು. ಆತ ಎರಡು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ.

ಮಣ್ಣು ಕೊಟ್ಟು ಬಂದವರು ಸ್ನಾನ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಬಿಸಿಲು ಇಳಿದಿತ್ತು. ಶ್ರೀಶೈಲಪ್ಪನ ಸೊಸೆ ರೇಣವ್ವ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಎಲ್ಲರಿಗೂ ಚಹಾ ತಂದಳು. ಸುಗ್ರಾಳಿಗೆಂದೇ ಬೇರೆ ಇಟ್ಟಿದ್ದ ಕಪ್ಪಿಗೆ ಎತ್ತರದಿಂದ ಸುರಿದಳು. ಚಹಾ ಏಕೆ ಇಷ್ಟು ಸಿಹಿಯೆಂದು ಒಬ್ಬ ಮುದುಕ ಕೇಳಿದ.

"ಮನ್ಯಾಗ ಸಕ್ಕರಿ ಇರಲಿಲ್ರಿ ಕಾಕಾ, ಅಂಗಡಿ ಎಲ್ಲಾ ಮುಚ್ಚ್ಯಾವ. ಸತ್ತಾಕಿ ಕೈಯಾಗಿಂದು ಕೂಸಿಗೆ ಹಾಕೂದು ಬ್ಯಾಡಂದ್ರು. ಇರುವಿ ಪಾಲಾಗೂದ್ಯಾಕಂತ ಕುಸುರೆಳ್ಳಿನ ಒಡವಿ ಎಲ್ಲಾ ಕುದಿಯೂ ನೀರಿಗೆ ಹಾಕಿದೆ."

ಸುಗ್ರಾ ಕಪ್ಪಿನತ್ತ ನೋಡಿದಳು. "ಮಾಡದಾಗಿನ ಡಬ್ಬೀದೂ?"

"ಹೂಂನ್ರಿ. ಅದು ಲಗೂ ಕರಗಲಿಲ್ಲ, ಭಾಳೊತ್ತು ಕುದಿಸಬೇಕಾತು."

ಕಪ್ಪನ್ನು ತುಟಿಗೆ ಹಚ್ಚಿದ್ದ ಶ್ರೀಶೈಲಪ್ಪ ಸುತ್ತ ಕೂತವರತ್ತ ಕಣ್ಣು ಹಾಯಿಸಿದ. ಎಲ್ಲರೂ ಕುಡಿಯುತ್ತಿದ್ದರು. ಅವನೂ ಒಂದೇ ಗುಟುಕಿಗೆ ಕುಡಿದು ಮುಗಿಸಿ, ಮೀಸೆಗೆ ಅಂಟಿದ ಎಳ್ಳನ್ನು ಹೆಬ್ಬೆರಳಿಂದ ಒರೆಸಿಕೊಂಡ.