ಹಸಿವಿನ ಕಾಲಂ

ಡಾಕ್ಟರ್ ಇಂದಿರಾ ನನ್ನ ನೋಟ್‌ಬುಕ್ ಕೇಳಿದ್ದಾರೆ. ಸ್ಕಿಜೋಫ್ರೇನಿಯಾದ ಮಾತ್ರೆಯೊಂದು ಎಷ್ಟು ಗುಣ ಕೊಡುತ್ತದೆ, ಏನು ತೊಂದರೆ ಮಾಡುತ್ತದೆ ಎಂದು ಅವರು ನಡೆಸುತ್ತಿರುವ ಅಧ್ಯಯನದಲ್ಲಿ ನನ್ನ ಗಂಡ ಅನೀಶ್ ಇದ್ದ. ಹದಿನಾಲ್ಕನೇ ವಾರದವರೆಗೆ ಇದ್ದ. ನೋಟ್‌ಬುಕ್ಕಿನಲ್ಲಿ ನನ್ನದೊಂದು ತಪ್ಪಿದೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಪ್ರತಿ ಭಾನುವಾರ ಕಾಲಂ ತುಂಬುತ್ತಿದ್ದೆ: ಅವನಿಗಷ್ಟೇ ಕೇಳಿಸುವ ದನಿಗಳು, ನಿದ್ದೆ, ತೂಕ, ಜೊಲ್ಲು, ಹಸಿವು. ಈ ಮಾತ್ರೆಗೆ ಮುಂಚೆ ಏಳು ವರ್ಷ ದನಿಗಳು ಹತ್ತಕ್ಕೆ ಎಂಟರ ಕೆಳಗೆ ಇಳಿದಿರಲಿಲ್ಲ.

ಐದನೇ ವಾರ, ವಸಂತ್ ಕುಂಜ್‌ನ ನಮ್ಮ ಬಾಲ್ಕನಿಯಲ್ಲಿ ಅವನು ಕೇಳಿದ, "ಹಂಸಿ, ಪಾರಿವಾಳ ನಿಜವಾಗ್ಲೂ ಕೂಗ್ತಿದೆಯಾ?"

"ಹೂಂ."

"ಅದೊಂದೇ ಕೇಳಿಸ್ತಿದೆ ಕಣೇ." ಮುಖ ಮುಚ್ಚಿಕೊಂಡು ಅತ್ತ. ದನಿಗಳ ಕಾಲಂನಲ್ಲಿ ಸೊನ್ನೆ ಬರೆದೆ.

ಏಳನೇ ವಾರದಿಂದ ಬಾಳೆಹಣ್ಣು ಕೇಳತೊಡಗಿದ. ಮೊದಲು ಎರಡು, ಆಮೇಲೆ ಅರ್ಧ ಡಜನ್. ಹಣ್ಣಿನ ಗಾಡಿಯ ಭಯ್ಯಾ ನಕ್ಕ: "ಮೇಡಂ, ಘರ್ ಮೇ ಹಾಥಿ ಪಾಲಾ ಹೈ ಕ್ಯಾ?" ಮನೆಯಲ್ಲಿ ಆನೆ ಸಾಕಿದ್ದೀರಾ ಎಂದು.

ಅನೀಶ್‌ಗೆ ಹೇಳಿದೆ. "ಆನೇನೇ ತಾನೇ? ತೂಕದ ಕಾಲಂ ನೋಡು," ಎಂದ. ಇಬ್ಬರೂ ನಕ್ಕೆವು. ಹಸಿವು: ಚೆನ್ನಾಗಿದೆ ಎಂದು ಬರೆದೆ.

ನಮ್ಮ ಮನೆಗಳಲ್ಲಿ ಬಾಳೆಹಣ್ಣನ್ನು ಯಾಕೆ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಅಪ್ಪ ಕೇಳಿದರೆ ಅಮ್ಮ ಮಾತಿಲ್ಲದೆ ಎರಡು ತಂದಿಡುತ್ತಿದ್ದಳು. ಮಲಬದ್ಧತೆ ಎಂಬ ಪದವನ್ನು ಯಾರೂ ಆಡುತ್ತಿರಲಿಲ್ಲ. ಆದರೂ ಹೊಳೆಯಲಿಲ್ಲ.

ಹದಿನಾಲ್ಕನೇ ವಾರ, ಅವನ ಹೊಟ್ಟೆ ಕಲ್ಲಾದ ಬೆಳಿಗ್ಗೆ, ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಕೇಳಿದೆ, "ಎಷ್ಟು ದಿನದಿಂದ?"

"ಒಂಬತ್ತು."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಮಾತ್ರೆ ನಿಲ್ಲಿಸ್ತಿದ್ರು. ಆ ದನಿಯವರೆಲ್ಲ ವಾಪಸ್ ಬರ್ತಿದ್ರು, ಹಂಸಿ."

ಮಾತ್ರೆಯಿಂದ ಕರುಳು ಕಟ್ಟಿ ಒಡೆದಿತ್ತು. ಮರುದಿನ ಅವನಿರಲಿಲ್ಲ.

ಇವತ್ತು ಫೋನಿನಲ್ಲಿ ನನ್ನ ತಪ್ಪನ್ನು ಹೇಳಿದೆ. ಡಾಕ್ಟರ್ ಇಂದಿರಾ ಕನ್ನಡದವರೇ. ಬಾಳೆಹಣ್ಣಿನ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

"ಹೇಗಿದೆಯೋ ಹಾಗೇ ಕೊಡಿ ಹಂಸಿನಿ, ತಿದ್ದಬೇಡಿ. ಆ ಕಾಲಂ ನಾವೂ ಇಟ್ಟಿರ್ಲಿಲ್ಲ," ಎಂದರು.

ತಿದ್ದಲಿಲ್ಲ. ಪುಟದ ಅಂಚಿನಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದು, ಮೇಲೆ ಬರೆದೆ: ಕಕ್ಕಸಿಗೆ ಹೋಗಿ ಎಷ್ಟು ದಿನವಾಯಿತು? ಬಾಯಿಬಿಟ್ಟು ಕೇಳಿ.

ಕೆಳಗೆ ಹದಿನಾಲ್ಕು ಮನೆಗಳೂ ಖಾಲಿ.

ದನಿಗಳ ಕಾಲಂನಲ್ಲಿ ಹತ್ತು ಸೊನ್ನೆಗಳಿವೆ. ಅವನ್ನು ಮುಟ್ಟಲಿಲ್ಲ. ಅವೂ ನಿಜ.