ಕಿವಿಯಲ್ಲಿ ಹೇಳಿದ ಕೊನೆಯ ಅಧ್ಯಾಯ

ಅಪ್ಪ ಕಪಾಳಕ್ಕೆ ಹೊಡೆದ ಏಟಿಗೆ ಶಿವಾನಿಯ ತುಟಿ ಒಡೆಯಿತು. ಆದರೂ ಅವಳು ಸತ್ತ ಅತ್ತೆ ರೇಣಮ್ಮನ ಕಿವಿಯಿಂದ ಬಾಯಿ ಸರಿಸಲಿಲ್ಲ.

ಶಹಾಪುರದ ಕಡೆಯ ಕಾಲುವೆ ದಂಡೆಯಲ್ಲಿ, ಸುಡುಗಾಡಿನ ಅರ್ಧದಾರಿಗೆ ಚಟ್ಟ ಇಳಿಸಿದ್ದರು. ಎಲ್ಲಾದರೂ ಉಸಿರು ಉಳಿದಿದ್ದೀತೆಂದು ಅಲ್ಲಿ ಮನೆಯವರು ಸತ್ತವರ ಕಿವಿಯಲ್ಲಿ ಹೆಸರು ಹಿಡಿದು ಕರೆಯುವುದು ವಾಡಿಕೆ. ರೇಣಮ್ಮನ ಅಣ್ಣ ಭೀಮರಾಯ ಕರೆದು ಎದ್ದ. ಆಮೇಲೆ ಕೂತ ಅವನ ಮಗಳು ಶಿವಾನಿ ಹೆಸರು ಕರೆಯಲಿಲ್ಲ, ಕತೆ ಹೇಳತೊಡಗಿದಳು.

"ಅತ್ತಿ, ಕೇಳು. ರಾಣಿ ಹೊಳಿ ದಂಡಿಗೆ ಬಂದ್ಳು..."

ಭೀಮರಾಯನಿಗೆ ತಿಳಿಯಿತು. ಅದೇ ಹಾಳು ಪುಸ್ತಕ.

*

ರೇಣಮ್ಮನ ಮೈಗೆ ತೊನ್ನು. ಮದುವೆ ಆಗಲಿಲ್ಲ, ಓದು ಬರಲಿಲ್ಲ. ಬೇಸಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಸೆರಗು ಸುತ್ತಿ ಭತ್ತದ ಕಳೆ ಕೀಳುತ್ತಿದ್ದಳು. ಶಿವಾನಿ ಕಾಲೇಜಿನಿಂದ ತಂದ ಕಾದಂಬರಿಯಲ್ಲಿ ಮೈತುಂಬ ಮೀನಿನ ಹುರುಪೆಯಿದ್ದ ರಾಣಿಯೊಬ್ಬಳಿದ್ದಳು. ಮುಸುಕು ತೆಗೆದರೆ ಪ್ರೀತಿಸಿದ ಅಂಬಿಗ ಓಡಿಹೋದಾನೆಂದು ಅವಳಿಗೆ ಹೆದರಿಕೆ. ಶಿವಾನಿ ಓದಿ ಹೇಳಿದ್ದನ್ನು ರೇಣಮ್ಮ ಮರುದಿನ ಗದ್ದೆಯಲ್ಲಿ ಹೆಂಗಸರಿಗೆ ಹೇಳುವಳು, ತನ್ನದೂ ನಾಲ್ಕು ಮಾತು ಸೇರಿಸಿ. ಒಂದು ದಿನ ಅರ್ಧತೋಳಿನ ಕುಪ್ಪಸ ತೊಟ್ಟು ಸಂತೆಗೆ ಹೋಗಿ ಬಂದಳು.

ಭೀಮರಾಯನ ಕೈ ಬಾಯಿಗಿಂತ ಮುಂದು. ಬಾರುಕೋಲಿನಿಂದ ತಂಗಿಯ ಬೆನ್ನು ಹರಿಯುವಂತೆ ಹೊಡೆದ. ನಿನ್ನ ತೊನ್ನು ಊರೆಲ್ಲ ಕಂಡರೆ ನನ್ನ ಮಗಳನ್ನು ಯಾರು ಕೇಳುತ್ತಾರೆ ಎಂದು ಕಿರುಚಿದ. ಕೊನೆಯ ಅಧ್ಯಾಯ ಓದಿ ಹೇಳುವ ಮುಂಚೆಯೇ ಪುಸ್ತಕ ಒಲೆಗೆ ಬಿತ್ತು. ಶಿವಾನಿ ಮಾತ್ರ ಅದನ್ನು ಮೊದಲೇ ಓದಿಕೊಂಡಿದ್ದಳು. ಹೇಳಲು ಹೋದರೆ ರೇಣಮ್ಮ ತಡೆದಳು.

"ಮನ್ಯಾಗ ಬ್ಯಾಡವ್ವ, ನಿನ್ನೂ ಹೊಡೀತಾನ. ಐತಾರ ಹೊಲಕ್ಕ ಬಾ, ಎಲ್ಲಾರೂ ಕೇಳ್ತೀವಿ."

ಶನಿವಾರವೇ ಗದ್ದೆಯಲ್ಲಿ ಹಾವು ಕಚ್ಚಿ ರೇಣಮ್ಮ ಸತ್ತಳು.

*

ಭೀಮರಾಯ ಮಗಳ ಜಡೆ ಹಿಡಿದು ಎಳೆದ. ಅವಳು ಚಟ್ಟದ ಬಿದಿರು ಬಿಡಲಿಲ್ಲ. ಪಕ್ಕೆಗೆ ಒದ್ದ, ಮಣ್ಣಿಗೆ ಬಿದ್ದಳು. ಮತ್ತೆ ಕಾಲೆತ್ತಿದಾಗ ರೇಣಮ್ಮನ ಜೊತೆ ಕಳೆ ಕೀಳುತ್ತಿದ್ದ ತಿಮ್ಮವ್ವ ನಡುವೆ ಬಂದಳು. ಒದೆ ಅವಳ ಮೊಣಕಾಲಿಗೆ ಬಿತ್ತು. ಕುಸಿದವಳು ಕೂತಲ್ಲೇ ಶಿವಾನಿಯತ್ತ ತಿರುಗಿದಳು.

"ಮುಸುಕು ತಗದ್ಳೇನವ್ವ?"

ಶಿವಾನಿ ಬಾಯೊಳಗಿನ ರಕ್ತ ಉಗುಳಿದಳು.

"ತಗದ್ಳು. ಹಗಲಾಗ, ಮಂದಿ ಮುಂದ."

"ಅಂಬಿಗ ಓಡಿದ್ನ?"

"ಇಲ್ಲ. ಆದ್ರ ಅಕಿ ಅವನ ಕಡಿ ನೋಡ್ಲಿಲ್ಲ. ಮೊದ್ಲ ನೀರಾಗ ತನ್ನ ಮಾರಿ ನೋಡ್ಕೊಂಡ್ಳು. ಛಂದ ಅದೀನಿ ಅಂದ್ಳು."

ಗದ್ದೆಯ ಹೆಂಗಸರೆಲ್ಲ ಹೆಣದ ಸುತ್ತ ಕೂತರು. ಮೊದಲಿಂದ ಹೇಳು, ರೇಣಮ್ಮನೂ ಪೂರ್ತಿ ಕೇಳಲಿ ಎಂದರು. ಚಟ್ಟ ಹೊತ್ತು ತಂದವರೂ ಟವೆಲ್ ಹಾಸಿ ಕೂತುಬಿಟ್ಟರು. ಭೀಮರಾಯ ಎತ್ತಿರೋ ಎಂದು ಅರಚಿದ. ಯಾರೂ ಏಳದಿದ್ದಾಗ ತಾನೇ ಬಾಗಿ ಬಿದಿರಿಗೆ ಕೈ ಹಾಕಿ ಜಗ್ಗಿದ. ಒಂದು ಮೂಲೆ ಎದ್ದಿತು, ಉಳಿದ ಮೂರು ನೆಲ ಬಿಡಲಿಲ್ಲ.