ಎಮ್ಮೆ ರೆಕ್ಕೆಯ ಸದ್ದು

ಮೇಲಿನ ಕೆರೆ ಒಡೆದು, ಅದರ ನೀರೆಲ್ಲ ಬೇಗೂರಿನ ಆಚೆಯ ಹಿರೀಕೆರೆಗೆ ನುಗ್ಗಿತ್ತು. ಕೆರೆಯ ನಡುವಿನ ದಿಣ್ಣೆಗೆ ಹುಲ್ಲು ಕೊಯ್ಯಲು ಹೋಗಿದ್ದ ಎಂಟು ಹೆಂಗಸರು ಅಲ್ಲೇ ಸಿಕ್ಕಿಬಿದ್ದಿದ್ದರು. ಅವರಲ್ಲಿ ಒಬ್ಬಳು ಶಂಭುಲಿಂಗಪ್ಪನ ಒಬ್ಬಳೇ ಮಗಳು ಮಂಗಳಗೌರಿ. ಮೊದಲು ಹೊರಟ ಹರಿಗೋಲನ್ನು ಸೆಳೆತ ಕೋಡಿಯತ್ತ ಎಳೆದೊಯ್ದು ಕಲ್ಲಿಗೆ ಬಡಿದಿತ್ತು. ಹುಟ್ಟು ಹಾಕುತ್ತಿದ್ದವನು ಈಜಿ ಬದುಕಿದ್ದೇ ಹೆಚ್ಚು. ಇನ್ನು ಉಳಿದದ್ದು ಶಂಭುಲಿಂಗಪ್ಪನ ಮೋಟಾರು ದೋಣಿ ಒಂದೇ.

ಬೇಗೂರಿನಲ್ಲಿ ಎಂಜಿನ್ನು ರಿಪೇರಿ ಮಾಡಿಕೊಂಡಿದ್ದ ಈ ಮನುಷ್ಯ, ಯುದ್ಧ ಮುಗಿದ ಮೇಲೆ ಮೈಸೂರಿನ ಹರಾಜಿನಲ್ಲಿ ಆ ಮುದಿ ಮೋಟಾರನ್ನು ಕೊಂಡು ತಂದಾಗ ಊರೇ ನಕ್ಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಂಡತಿ ಪುಟ್ಟಮಲ್ಲಮ್ಮನೇ ಆಡಿಕೊಂಡಿದ್ದಳು. ಮೋಟಾರಿನ ಜೊತೆ ಎರಡು ಪ್ರೊಪೆಲ್ಲರ್ ಬಂದಿದ್ದವು. ನೀರೊಳಗೆ ತಿರುಗಿ ದೋಣಿಯನ್ನು ನೂಕುವ ಅವನ್ನು ಅಪ್ಪ ಮಗಳು ರೆಕ್ಕೆ ಎನ್ನುತ್ತಿದ್ದರು, ತಿಕ್ಕಿ ತೊಳೆದು ಹೆಸರೂ ಇಟ್ಟಿದ್ದರು. ಹೆಚ್ಚು ತಿರುಚಿದ್ದ ಹಿತ್ತಾಳೆಯದು ಕುದುರೆ. ಅದನ್ನು ಹಾಕಿದರೆ ಮೋಟಾರು ತಗ್ಗಿದ ದನಿಯಲ್ಲಿ ಗುರುಗುಟ್ಟುತ್ತ ದೋಣಿಯನ್ನು ಹಾರಿಸುತ್ತಿತ್ತು. ಆದರೆ ಮೂರು ಜನರ ಮೇಲೆ ನಾಲ್ಕನೆಯವರು ಹತ್ತಿದರೆ, ಮುದಿ ಎತ್ತಿಗೆ ಬಾವಿಯ ನೀರೆತ್ತುವ ದೊಡ್ಡ ಕಪಿಲೆ ಕಟ್ಟಿದ ಹಾಗೆ, ಏದುಸಿರು ಬಿಟ್ಟು ನಿಂತೇಬಿಡುತ್ತಿತ್ತು. ಅಗಲವಾಗಿ ಚಪ್ಪಟೆಯಾಗಿದ್ದದ್ದು ಎಮ್ಮೆ. ಅದರಲ್ಲಿ ಮೋಟಾರು ಕಿವಿ ಹರಿಯುವಂತೆ ಕಿರುಚುತ್ತಿತ್ತು, ದೋಣಿ ಮಾತ್ರ ತೆವಳುತ್ತಿತ್ತು. ಎಷ್ಟು ಹೊರೆ ಹೇರಿದರೂ ನಿಲ್ಲುತ್ತಿರಲಿಲ್ಲ.

ಬಾತುಕೋಳಿ ಶಿಕಾರಿಗೆ ಬಂದ ಸಾಹೇಬರನ್ನು ಸುತ್ತಾಡಿಸಲು ಹಾಕಿದ್ದ ಕುದುರೆ ಇನ್ನೂ ಮೋಟಾರಿನಲ್ಲೇ ಇತ್ತು. ಪೆಟ್ರೋಲು ಒಂದು ಸಲ ಹೋಗಿ ಬರುವಷ್ಟು ಮಾತ್ರ. ದಿಣ್ಣೆ ನೋಡನೋಡುತ್ತಲೇ ಕುಗ್ಗುತ್ತಿತ್ತು.

"ಇನ್ನೂ ಏನ್ ನೋಡ್ತಾ ನಿಂತಿದ್ದೀರಿ? ಓಗಿ, ನಮ್ ಗೌರೀನ ಕರ್ಕೊಂಡ್ ಬನ್ನಿ," ಎಂದಳು ಪುಟ್ಟಮಲ್ಲಮ್ಮ.

ಸುಳ್ಳೇಕೆ ಹೇಳಬೇಕು, ಅವನ ಮನಸ್ಸಿನಲ್ಲಿದ್ದದ್ದೂ ಅದೇ. ಕುದುರೆಯಾದರೆ ಕಣ್ಣು ಮುಚ್ಚಿ ಬಿಡುವುದರಲ್ಲಿ ಗೌರಿ ದಡದಲ್ಲಿರುತ್ತಾಳೆ, ಜೊತೆಗೆ ಇನ್ನೊಬ್ಬಳು. ಮಿಕ್ಕವರನ್ನು ಶಿವನೇ ನೋಡಿಕೊಳ್ಳಲಿ. ಅವನು ಮೋಟಾರು ಚಾಲೂ ಮಾಡುವ ಹಗ್ಗಕ್ಕೆ ಕೈ ಹಾಕಿದ.

ಸೊಂಟದುದ್ದ ನೀರಿನಲ್ಲಿ ದೋಣಿಯ ಅಂಚು ಹಿಡಿದು ನಿಂತಿದ್ದವಳು ಚಿಕ್ಕನಿಂಗಮ್ಮ. ಅವಳ ಸೊಸೆಯೂ ದಿಣ್ಣೆಯ ಮೇಲಿದ್ದಳು.

"ನಮ್ ಕರಿಬಸಮ್ಮನೂ ಅಲ್ಲೇ ಅವ್ಳೆ ಕಣಪ್ಪ. ಮೊನ್ನೆ ತಾನೆ ಮನೆ ತುಂಬುಸ್ಕೊಂಡೋ. ಜಾಗ ಇದ್ರೆ ಕೂರುಸ್ಕೊ."

ಜಾಗ ಇದ್ರೆ ಎಂಬ ಆ ಮಾತು ಅವನ ಕರುಳಿಗೆ ಕೈ ಹಾಕಿತು. ಹಗ್ಗ ಬಿಟ್ಟು, ಮೋಟಾರನ್ನು ನೀರಿನಿಂದ ಮೇಲೆತ್ತಿ, ಇಕ್ಕಳ ತೆಗೆದುಕೊಂಡ.

"ಮಗ್ಳು ಮುಳುಗೋಯ್ತಾವ್ಳೆ, ಈವಯ್ಯ ರಿಪೇರಿ ಮಾಡ್ತಾ ಕುಂತವ್ನಲ್ಲಪ್ಪೋ," ಎಂದು ಪುಟ್ಟಮಲ್ಲಮ್ಮ ಎದೆ ಎದೆ ಬಡಿದುಕೊಂಡಳು. ಏರಿಯ ಮೇಲಿದ್ದವರೂ ಬೈಯತೊಡಗಿದರು. ಕುದುರೆಯನ್ನು ಬಿಗಿದಿದ್ದ ಪಿನ್ನು ತುಕ್ಕು ಹಿಡಿದು ಅಲುಗಲಿಲ್ಲ. ಇಕ್ಕಳ ಜಾರಿ ಬೆರಳು ಸೀಳಿತು. ಕೊನೆಗೆ ಕಿತ್ತು ಬಂದ ಪಿನ್ನು ನೀರಿಗೆ ಬಿದ್ದೀತೆಂದು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಮ್ಮೆಯನ್ನು ಕೂರಿಸಿದ. ಅಷ್ಟರಲ್ಲಿ ದಿಣ್ಣೆಯ ಅರ್ಧ ಮುಳುಗಿತ್ತು.

ಮೋಟಾರು ಕಿರುಚಿತು. ದೋಣಿ ತೆವಳಿತು. ಪುಟ್ಟಮಲ್ಲಮ್ಮ ಏರಿಯ ಮೇಲೆ ಅದು ಹೋದತ್ತಲೇ ನಡೆಯುತ್ತಾ ಬೈಯುತ್ತಿದ್ದಳು. ನಡೆಯುವವಳಿಗಿಂತ ದೋಣಿಯೇ ಹಿಂದೆ.

ದಿಣ್ಣೆ ಮುಟ್ಟಿದಾಗ ಶಂಭುಲಿಂಗಪ್ಪ ಹೆದರಿದಂತೆ ನೂಕುನುಗ್ಗಲಾಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ, ಒಬ್ಬರ ಸೆರಗು ಒಬ್ಬರು ಹಿಡಿದು ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಾಗಿ ಹತ್ತಿದರು. ಗೌರಿ ಹತ್ತಿದ್ದು ಕೊನೆಗೆ.

ದೋಣಿಯ ಅಂಚಿಗೂ ನೀರಿಗೂ ನಾಲ್ಕು ಬೆರಳು ಅಂತರ. ಕೋಡಿಯ ಎದುರಿಗೆ ಬಂದಾಗ ಸೆಳೆತ ಹಿಡಿಯಿತು. ಮೋಟಾರು ಎಷ್ಟು ಅರಚಿದರೂ ಏರಿಯ ಪಕ್ಕದ ತೂಬಿನ ಕಲ್ಲು ಇದ್ದಲ್ಲೇ ಇತ್ತು. ಅದೆಷ್ಟು ಹೊತ್ತೋ, ಕಲ್ಲು ಒಂದು ಗೇಣು ಹಿಂದೆ ಸರಿಯಿತು. ಆಮೇಲೆ ಒಂದು ಮಾರು.

ದಡ ಸೇರಿದಾಗ ಚಿಕ್ಕನಿಂಗಮ್ಮ ಸೊಸೆಯನ್ನು ಬಾಚಿ ತಬ್ಬಿಕೊಂಡಳು. ಪುಟ್ಟಮಲ್ಲಮ್ಮ ಮಗಳ ತಲೆ ಒರೆಸುತ್ತಾ ಅಳುತ್ತಿದ್ದಳು.

"ತಡ ಆಗೋಯ್ತು ಕಣಮ್ಮಿ. ಬಾಳ ಎದ್ರುಕೊಂಡ್ಯಾ?" ಎಂದು ಶಂಭುಲಿಂಗಪ್ಪ ಕೇಳಿದ.

"ಸದ್ದು ಕೇಳೋಗಂಟ ಎದ್ರುಕೆ ಇತ್ತು ಕಣಪ್ಪ. ಎಮ್ಮೆ ಕಿರುಚ್ತು ನೋಡು, ಅಪ್ಪ ಎಲ್ರುನೂ ಕರ್ಕೊಂಡೋಯ್ತದೆ, ಸಾಲಾಗಿ ನಿಂತ್ಕಳಿ ಅಂದೆ."

ಬಾಯಿ ಮುಚ್ಚಿಕೊಂಡು ಸುಮ್ಮನಿರಬಹುದಿತ್ತು. ಆದರೂ ಕೇಳಿದ: "ಕುದ್ರೆ ಸದ್ದು ಕೇಳಿದ್ರೆ?"

"ದಿಣ್ಣೆ ಮ್ಯಾಲಿನ ಜಾಲಿ ಮೆಳೆ ಒಳಗೆ ಅವುತ್ಕೊಬುಡ್ತಿದ್ದೆ. ಇವ್ರುನ್ನೆಲ್ಲ ಬುಟ್ಟು, ನೀ ಎಷ್ಟು ಕೂಗುದ್ರೂ ಬತ್ತಿರ್ನಿಲ್ಲ."

ಶಂಭುಲಿಂಗಪ್ಪ ತಿರುಗಿ ನೋಡಿದ. ಜಾಲಿ ಮೆಳೆ ಇದ್ದ ಕಡೆ ಬರೀ ಕೆಂಪು ನೀರು ಹರಿಯುತ್ತಿತ್ತು. ಅವನು ದಡದ ಕೆಸರಿನಲ್ಲೇ ಕುಳಿತುಬಿಟ್ಟ.